ಫುಲ್ ಚಾರ್ಜಿಗೆ ಎಷ್ಟು ದೂರ?

ಮೈಸೂರಿನ ಯಾವುದಾದರೂ ಸಿಗ್ನಲ್‌ನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವರು ನನ್ನ ಎಲೆಕ್ಟ್ರಿಕ್ ಸೈಕಲನ್ನು ಒಮ್ಮೆ ನೋಡಿ ಕೇಳುವ ಪ್ರಶ್ನೆ ಒಂದೇ: ‘ಸಾರ್, ಫುಲ್ ಚಾರ್ಜಿಗೆ ಎಷ್ಟು ಕೊಡುತ್ತೆ?’ ಹಸಿರು ದೀಪ ಬರುವುದರೊಳಗೆ ‘ಇಪ್ಪತ್ತರಿಂದ ನಲವತ್ತೈದು ಕಿಲೋಮೀಟರ್’ ಎನ್ನುತ್ತೇನೆ. ಇಷ್ಟು ಸಡಿಲವಾದ ಉತ್ತರವನ್ನು ಯಾರೂ ನಂಬುವುದಿಲ್ಲ. ಆದರೆ ಅದಕ್ಕಿಂತ ಬಿಗಿಯಾದ ಉತ್ತರ ಕೊಟ್ಟರೆ ಸುಳ್ಳಾಗುತ್ತದೆ.

ನನ್ನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್‌ನದು. ಎರಡನ್ನೂ ಗುಣಿಸಿದರೆ 360 ವ್ಯಾಟ್-ಅವರ್. ಕೈಯಲ್ಲಿರುವ ವಿದ್ಯುತ್ತಿನ ಬಂಡವಾಳ ಅಷ್ಟೇ. ಪೆಡಲ್ ತುಳಿಯದೆ ಥ್ರಾಟಲ್ ತಿರುಗಿಸಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಪ್ರತಿ ಕಿಲೋಮೀಟರಿಗೆ 15ರಿಂದ 18 ವ್ಯಾಟ್-ಅವರ್ ಖರ್ಚಾಗುತ್ತದೆ. ತುಳಿಯುವಾಗ ಮೋಟಾರೂ ಕೈಜೋಡಿಸುವ ಪೆಡಲ್ ಅಸಿಸ್ಟನ್ನು ಅತಿ ಕಡಿಮೆ ನೆರವಿನ ಒಂದನೆಯ ಹಂತದಲ್ಲಿಟ್ಟು, ಕಾಲಿನಿಂದಲೂ ನಿಜವಾದ ದುಡಿಮೆ ಮಾಡಿಸಿದರೆ ಅದು ಎಂಟರ ಆಸುಪಾಸಿಗೆ ಇಳಿಯುತ್ತದೆ.

‘ನಿಜವಾದ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಪೆಡಲ್ ಅಸಿಸ್ಟ್‌ನಲ್ಲೇ ಓಡಿಸಿದರೂ ಚಾರ್ಜ್ ಉಳಿಯಲಿಲ್ಲವೆಂದು ದೂರುವ ಹಲವರ ಸೈಕಲ್ಲಿನಲ್ಲಿ, ನನ್ನದರಲ್ಲಿರುವಂತೆ, ಕೇಡೆನ್ಸ್ ಸೆನ್ಸರ್ ಇರುತ್ತದೆ. ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಗೊತ್ತು. ಎಷ್ಟು ಬಲ ಹಾಕಿ ತುಳಿಯುತ್ತಿದ್ದೀರಿ ಎಂಬುದು ಗೊತ್ತಿಲ್ಲ. ಹಗುರವಾದ ಗೇರಿನಲ್ಲಿ ಐದನೆಯ ಹಂತವನ್ನಿಟ್ಟು ನೆಪಕ್ಕೆ ಕಾಲಾಡಿಸಿದರೆ ಅದೂ ಥ್ರಾಟಲ್ ಸವಾರಿಯೇ. ತುಳಿತದ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್ ಇದ್ದರೆ ಈ ಮೋಸ ನಡೆಯುವುದಿಲ್ಲ, ಆದರೆ ಅಂಥ ಸೈಕಲ್ಲಿನ ಬೆಲೆ ಹೆಚ್ಚು. ಆದ್ದರಿಂದ ಹಂತವನ್ನು ಒಂದು ಮೆಟ್ಟಿಲು ಕೆಳಗಿಟ್ಟು, ಪಾದಕ್ಕೆ ಭಾರ ತಟ್ಟುವಂಥ ಗೇರನ್ನು ಆರಿಸಿಕೊಳ್ಳುವುದೇ ನನ್ನ ಪದ್ಧತಿ.

ಚಕ್ರದ ನಡುವೆಯೇ ಕೂತಿರುವ ಹಬ್ ಮೋಟಾರು ತೀರಾ ನಿಧಾನವಾಗಿ ತಿರುಗುವಾಗ ಎಳೆದುಕೊಂಡ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಹಾಗಾಗಿ ಸಿಗ್ನಲ್‌ನಲ್ಲಿ ನಿಲ್ಲುವ ಮೊದಲೇ ಗೇರ್ ಇಳಿಸಿಕೊಂಡು, ಹೊರಡುವಾಗಿನ ಮೊದಲ ಎರಡು ಸುತ್ತನ್ನು ಸ್ವಂತ ಬಲದಿಂದ ತುಳಿಯುತ್ತೇನೆ. ಏರಿನ ಲೆಕ್ಕ ಇನ್ನೂ ಕಠಿಣ. ಸವಾರ, ಸೈಕಲ್, ಚೀಲ ಸೇರಿ 100 ಕಿಲೋ ಎಂದುಕೊಂಡರೆ, ಆ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು 27 ವ್ಯಾಟ್-ಅವರ್ ಬೇಕು. ಮೋಟಾರಿನ ನಷ್ಟ ಸೇರಿದರೆ ನಲವತ್ತರ ಹತ್ತಿರ. ಊರಿನಿಂದ ಸುಮಾರು 300 ಮೀಟರ್ ಎತ್ತರವಿರುವ ಚಾಮುಂಡಿ ಬೆಟ್ಟವನ್ನು ಪೂರ್ತಿ ಮೋಟಾರಿನ ಮೇಲೆಯೇ ಹತ್ತಿದರೆ ಬ್ಯಾಟರಿಯ ಮೂರರಲ್ಲೊಂದು ಪಾಲು ಅಲ್ಲಿಗೇ ಮುಗಿಯುತ್ತದೆ. ಇಳಿಯುವಾಗ ಅದು ವಾಪಸು ಬರುತ್ತದೆಯೇ ಎಂದೂ ಕೇಳುತ್ತಾರೆ. ನನ್ನದರಂಥ, ಒಳಗೇ ಗೇರ್ ಇರುವ ಹಬ್ ಮೋಟಾರಿನಲ್ಲಿ ಬರುವುದಿಲ್ಲ; ಬ್ರೇಕ್ ಬಿಸಿಯಾಗುತ್ತದೆ, ಅಷ್ಟೇ.

ಈ ಲೆಕ್ಕವನ್ನು ನಾನು ಕಲಿತದ್ದು ಶ್ರೀರಂಗಪಟ್ಟಣದ ದಾರಿಯಲ್ಲಿ. ಸರ್ವಿಸ್ ರಸ್ತೆ ಹಿಡಿದು ಹದಿನೈದು ಕಿಲೋಮೀಟರ್ ಹೋಗಿ ನೋಡಿದರೆ ಚಾರ್ಜ್ ತೋರಿಸುವ ನಾಲ್ಕು ದೀಪಗಳಲ್ಲಿ ಎರಡು ಇನ್ನೂ ಉರಿಯುತ್ತಿದ್ದವು; ಅರ್ಧ ಉಳಿದಿದೆ, ಅರ್ಧ ದಾರಿ ಬಾಕಿಯಿದೆ ಎಂದು ಸಮಾಧಾನಪಟ್ಟೆ. ಕಾವೇರಿಯ ದಡದ ಆ ಊರು ಮೈಸೂರಿಗಿಂತ ಸುಮಾರು 90 ಮೀಟರ್ ತಗ್ಗಿನಲ್ಲಿದೆ ಎಂಬುದು ಹೊಳೆದದ್ದು ವಾಪಸು ಬರುವಾಗ, ಎದುರುಗಾಳಿಯೂ ಜೊತೆಗೂಡಿದ ಮೇಲೆ. ಮೇಲಾಗಿ ಆ ದೀಪಗಳು ತೋರಿಸುವುದು ವೋಲ್ಟೇಜನ್ನು. ಏರಿನಲ್ಲಿ ಮೋಟಾರು ಜೋರಾಗಿ ಎಳೆದಾಗ ಅದು ಕುಸಿಯುತ್ತದೆ, ನಿಂತು ನೀರು ಕುಡಿಯುವಷ್ಟರಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆ. ಕೊನೆಯ ನಾಲ್ಕು ಕಿಲೋಮೀಟರ್, ಇಪ್ಪತ್ತು ಕಿಲೋಗೂ ಮೀರಿದ ಆ ಸೈಕಲನ್ನು ಬರಿ ಕಾಲಿನ ಬಲದಿಂದ ತುಳಿದೆ. ಈಗ ಹೋಗುವಾಗ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಖರ್ಚು ಮಾಡುವುದಿಲ್ಲ; ಗಾಳಿ ಎದುರಾದರೆ ವೇಗವನ್ನು 18ಕ್ಕೆ ಇಳಿಸುತ್ತೇನೆ, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ.

ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಬೇಕು. ಬಿಸಿಲಿನಲ್ಲಿ ಓಡಿ ಬಂದ ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಬೇಕು. ವಾರಗಟ್ಟಲೆ ಊರಿನಲ್ಲಿರುವುದಿಲ್ಲವಾದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಬೇಕು. ಇಷ್ಟೆಲ್ಲ ಮಾಡಿದರೂ ಲಿಥಿಯಂ ಬ್ಯಾಟರಿ ಸವೆಯುತ್ತದೆ. ನನ್ನದಕ್ಕೆ ಮೂರು ವರ್ಷವಾಯಿತು. ದೂರ ಹೊರಡುವಾಗ ಈಗ 360ರ ಬದಲು 300 ಎಂದೇ ಲೆಕ್ಕ ಹಾಕುತ್ತೇನೆ.