ಕೆನ್ನೆ ಊದಿಲ್ಲವೆಂದು ಸುಮ್ಮನಿರಬೇಡಿ

ಹಲ್ಲು ನೋಯುತ್ತಿದ್ದರೂ ಕೆನ್ನೆ ಊದುವ ತನಕ ಲವಂಗ ಕಚ್ಚಿಕೊಂಡು ಕೂರುವುದು ನಮ್ಮ ಕಡೆಯ ರೂಢಿ. ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವವರ ವಿಷಯದಲ್ಲಿ ಇದು ಜೀವಕ್ಕೇ ಕುತ್ತು. ಕೀವೆಂದರೆ ಬಹುಪಾಲು ಸತ್ತ ಬಿಳಿ ರಕ್ತಕಣಗಳೇ. ಕೀಮೋದಿಂದ ಆ ಕಣಗಳೇ ಕಡಿಮೆಯಾದಾಗ ಕೀವು ಎಲ್ಲಿಂದ ಬರಬೇಕು? ಹಲ್ಲಿನ ಬುಡದಲ್ಲಿ ಸೋಂಕು ಹರಡುತ್ತಿದ್ದರೂ ವಸಡು ತುಸು ಕೆಂಪಾಗಿ ಕಾಣಬಹುದು, ಅಷ್ಟೇ. ಎಷ್ಟೋ ಸಲ ಜ್ವರವೊಂದೇ ಗುರುತು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ ನಡುರಾತ್ರಿಯಾದರೂ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಫೋನ್ ಮಾಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ಬಸ್ಸಿಗೆ ಕಾಯಬೇಡಿ. ಮಾತ್ರೆಗೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ.

ಕಾರವಾರ, ಕುಮಟಾ, ಶಿರಸಿಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕೀಮೋಗೆ ಹೊರಡುವ ಮೊದಲೇ ಊರಿನ ದಂತವೈದ್ಯರಿಗೆ ಬಾಯಿ ತೋರಿಸಿ. ಕೀಳಬೇಕಾದ ಹಲ್ಲನ್ನು ಸಾಧ್ಯವಿದ್ದರೆ ಎರಡು ವಾರ ಮುಂಚೆ ಕೀಳಿಸಿದರೆ ಗಾಯ ಮಾಯುತ್ತದೆ. ಕೀಮೋ ನಡುವೆ ಕೀಳುವ ಪ್ರಸಂಗ ಬಂದರೆ ಹೊಸ ರಕ್ತಪರೀಕ್ಷೆ ಬೇಕು: ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ಕಣ) 1,000ಕ್ಕಿಂತ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 50,000ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಮೂಳೆಗೆಂದು ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಆಗಿದ್ದರೆ ಹೇಳಲು ಮರೆಯಬೇಡಿ. ಹಲ್ಲು ಕಿತ್ತ ಜಾಗದಲ್ಲಿ ದವಡೆ ಮೂಳೆ ಮಾಯದೇ ಉಳಿಯುವ ಅಪಾಯವಿದೆ.

ಬಾಯಿ ಮುಕ್ಕಳಿಸಲು ಒಂದು ಲೀಟರ್ ಕುದಿಸಿ ಆರಿಸಿದ ನೀರು, ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ಮೂರು ನಾಲ್ಕು ತಾಸಿಗೊಮ್ಮೆ ಅರ್ಧ ನಿಮಿಷ ಮುಕ್ಕಳಿಸಿ ಉಗಿಯಿರಿ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಹುಣ್ಣನ್ನು ಉರಿಸುತ್ತದೆ. ಹಲ್ಲಿಗೆ ಮೆತ್ತನೆಯ ಬ್ರಷ್. ಇದ್ದಿಲ ಪುಡಿ, ಮಿಶ್ರಿ (ಹುರಿದ ತಂಬಾಕಿನ ಪುಡಿ) ಎರಡೂ ಬೇಡ. ಕವಳ ಬಿಡುವುದು ಕಷ್ಟವೆಂದು ಗೊತ್ತು, ಆದರೆ ಸುಣ್ಣ ಅಡಿಕೆ ತಾಗಿದಲ್ಲೆಲ್ಲ ಸುಲಿದ ಬಾಯಿ ಮತ್ತೆ ಸುಲಿಯುತ್ತದೆ.

ನಾಲಿಗೆಯ ಮೇಲೆ ಒಡೆದ ಹಾಲಿನಂಥ ಬಿಳಿ ಕಂಡರೆ ಗಾಜ್‌ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಎದ್ದು ಬಂದು ಕೆಳಗೆ ಕೆಂಪು ಕಂಡರೆ ಅದು ಶಿಲೀಂಧ್ರ ಇರಬಹುದು. ಹಲ್ಲಿನ ಸೆಟ್ಟು ಹಾಕುವವರು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಡಬೇಕು. ಬಾಯಿಗಷ್ಟೇ ಔಷಧಿ ಹಚ್ಚಿದರೆ ಸೆಟ್ಟಿನಿಂದಲೇ ಮತ್ತೆ ಹತ್ತುತ್ತದೆ. ಕಿಡ್ನಿ ಕಸಿಯಾದವರು ಇಂಥ ಶಿಲೀಂಧ್ರಕ್ಕೆಂದು ಅಂಗಡಿಯಿಂದ ಫ್ಲುಕೊನಜೋಲ್ ಮಾತ್ರೆ ತಂದು ನುಂಗಲೇಬಾರದು. ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ಪ್ರಮಾಣವನ್ನು ಅದು ರಕ್ತದಲ್ಲಿ ಏರಿಸಿ ಕಿಡ್ನಿಗೇ ಪೆಟ್ಟು ಕೊಡಬಲ್ಲದು.

ಬಾಯಿ ಸುಲಿದ ದಿನಗಳಲ್ಲಿ ಅಪ್ಪೆಹುಳಿ, ಮುರುಗಲು ಬೇಡ. ಆರಿದ ಗಂಜಿ ಕೊಡಿ. ಮೀನು ಬೇಕೆಂದರೆ ಚೆನ್ನಾಗಿ ಬೇಯಿಸಿ, ಖಾರ ಹಾಕದೆ, ಒಂದೂ ಮುಳ್ಳು ಉಳಿಯದಂತೆ ಬಿಡಿಸಿ.