ಟ್ರೇ ತುಂಬುವ ಮೊದಲು ಕೊಕೊಪೀಟ್ ಪರೀಕ್ಷಿಸಿ

ಚಿಕ್ಕಬಳ್ಳಾಪುರ ಸೀಮೆಯ ತರಕಾರಿ ನರ್ಸರಿಯೊಂದರಲ್ಲಿ ಟ್ರೇಗೆ ತುಂಬುವ ಮಿಶ್ರಣದ ಉಸ್ತುವಾರಿ ನನ್ನದು. ಟೊಮೆಟೊ, ದಪ್ಪ ಮೆಣಸಿನಕಾಯಿ, ಎಲೆಕೋಸು, ಹೂಕೋಸು ಇವುಗಳ ಸಸಿ ಬೆಳೆಸಿ ರೈತರಿಗೆ ಕೊಡುತ್ತೇವೆ. ಸಸಿ ಒಯ್ಯಲು ಬಂದವರು ಟ್ರೇ ಎತ್ತಿ ಹಿಡಿದು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಇದಕ್ಕೆ ಏನು ಗೊಬ್ಬರ ಹಾಕಿದ್ದೀರಿ ಅಣ್ಣಾ?" ಬಿತ್ತುವ ದಿನ ಏನನ್ನೂ ಹಾಕಿರಲಿಲ್ಲ ಎಂದರೆ ಅನೇಕರಿಗೆ ನಂಬಿಕೆ ಬರುವುದಿಲ್ಲ.

ಮೊಳಕೆಯ ಕಾಲಕ್ಕೆ ಬೇಕಾದ ಬುತ್ತಿಯನ್ನು ಬೀಜ ತನ್ನೊಳಗೇ ಕಟ್ಟಿಕೊಂಡು ಬಂದಿರುತ್ತದೆ. ಬೀಜದೆಲೆ ಬಿಚ್ಚಿ, ಮೊದಲ ನಿಜವಾದ ಎಲೆ ಕಾಣಿಸಿಕೊಳ್ಳುವ ತನಕ ಅದಕ್ಕೆ ಹೊರಗಿನಿಂದ ಬೇಕಾದದ್ದು ತೇವ, ಗಾಳಿ ಮತ್ತು ಹದವಾದ ಬಿಸುಪು. ಆದ್ದರಿಂದ ಮಿಶ್ರಣ ಆರಿಸುವಾಗ ನಾನು ಅದರ ಸತ್ವದ ಲೆಕ್ಕ ಹಾಕುವುದಿಲ್ಲ. ಉಪ್ಪು ಎಷ್ಟಿದೆ, ಗಾಳಿ ಎಷ್ಟು ಆಡುತ್ತದೆ ಎಂಬ ಎರಡನ್ನೇ ಮೊದಲು ನೋಡುತ್ತೇನೆ.

ಉಪ್ಪಿನ ಮಾತು ಏಕೆಂದರೆ, ನಾವು ಬಳಸುವ ಕೊಕೊಪೀಟ್ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದಾಗ ಉಳಿಯುವ ಪುಡಿ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಶಿಯಂ, ಸೋಡಿಯಂ, ಕ್ಲೋರೈಡ್ ಸಹಜವಾಗಿಯೇ ಇರುತ್ತವೆ. ಸಿಪ್ಪೆಯನ್ನು ಕಡಲಂಚಿನ ಹಿನ್ನೀರಿನಲ್ಲಿ ನೆನೆಹಾಕಿದ್ದರೆ ಇನ್ನೂ ಹೆಚ್ಚು. ಚೆನ್ನಾಗಿ ತೊಳೆದ ಪುಡಿಗೂ ತೊಳೆಯದ ಪುಡಿಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಅದೇ ಕಂದು ಬಣ್ಣ, ಅದೇ ವಾಸನೆ. ಹಾಗಾಗಿ ಲೋಡ್ ಬಂದ ದಿನ ನಾಲ್ಕಾರು ಚೀಲಗಳಿಂದ ಒಂದೊಂದು ಹಿಡಿ ತೆಗೆದು, ಒಂದು ಪಾಲು ಪುಡಿಗೆ ಐದು ಪಾಲು ಮಳೆನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು, ಸೋಸಿದ ನೀರಿಗೆ ಇಸಿ ಮೀಟರ್ ಅದ್ದುತ್ತೇನೆ. ಇಸಿ ಎಂದರೆ ನೀರಿನ ವಿದ್ಯುತ್ ವಾಹಕತೆ; ಕರಗಿದ ಉಪ್ಪು ಹೆಚ್ಚಿದಷ್ಟೂ ಅದು ಹೆಚ್ಚು. 0.5 ಮಿಲಿಸೀಮೆನ್ಸ್ ಒಳಗಿದ್ದರೆ ಸರಿ. 1 ದಾಟಿದರೆ ಆ ಲೋಡನ್ನು ತೊಳೆಯದೆ ಬೀಜದ ಹತ್ತಿರಕ್ಕೂ ತರುವುದಿಲ್ಲ.

ಒಮ್ಮೆ ಬಂದ ಲೋಡಿನ ಚೀಲಗಳ ಮೇಲೆ ತೊಳೆದ ಮಾಲು ಎಂದೇ ಅಚ್ಚಾಗಿತ್ತು. ಮೀಟರ್ ಬೇರೆ ಕಥೆ ಹೇಳಿತು. ಮಾರಿದವರು ಒಪ್ಪಲಿಲ್ಲ. ಅವರ ಮುಂದೆಯೇ ಎರಡು ಬಟ್ಟಲುಗಳಲ್ಲಿ ಮೂಲಂಗಿ ಬೀಜ ಹಾಕಿದೆ: ಒಂದರಲ್ಲಿ ಆ ಪುಡಿ, ಇನ್ನೊಂದರಲ್ಲಿ ನಾವು ತೊಳೆದದ್ದು. ಮೂಲಂಗಿ ಬೇಗ ಮೊಳೆಯುವುದರಿಂದ ಮೂರು ನಾಲ್ಕು ದಿನಗಳಲ್ಲಿ ಉತ್ತರ ಸಿಗುತ್ತದೆ. ತೊಳೆದ ಪುಡಿಯಲ್ಲಿ ಬೇರು ಬೆಳ್ಳಗೆ, ಸಣ್ಣ ರೋಮ ಹೊತ್ತು ಇಳಿದಿತ್ತು. ಇನ್ನೊಂದರಲ್ಲಿ ಮೊಳಕೆ ಒಡೆದಿತ್ತು, ಆದರೆ ಬೇರಿನ ತುದಿ ಕಂದಾಗಿ ಅಲ್ಲಿಗೇ ನಿಂತಿತ್ತು. ಲೋಡ್ ವಾಪಸ್ ಹೋಯಿತು. ಮೀಟರ್ ಇಲ್ಲದವರಿಗೆ ನಾನು ಹೇಳುವ ಪರೀಕ್ಷೆಯೂ ಇದೇ. ಹೈಬ್ರಿಡ್ ದಪ್ಪ ಮೆಣಸಿನ ಬೀಜದ ಬೆಲೆ ಕೇಳಿದವರಿಗೆ ಈ ನಾಲ್ಕು ದಿನಗಳ ಕಾಯುವಿಕೆ ಹೆಚ್ಚೆನಿಸುವುದಿಲ್ಲ.

ತೊಳೆಯುವುದು ಎಂದರೆ ಬರೀ ನೀರು ಹರಿಸುವುದಲ್ಲ. ಸೋಡಿಯಂ, ಪೊಟ್ಯಾಶಿಯಂ ಕಣಗಳು ಪುಡಿಗೆ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಕ್ಯಾಲ್ಸಿಯಂ ಬೇಕು. ಒತ್ತಿ ಗಟ್ಟಿ ಮಾಡಿದ ಪುಡಿಯ 5 ಕೆಜಿ ಬ್ಲಾಕ್‌ಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನಾವು ಒಂದು ರಾತ್ರಿ ನೆನೆಸುತ್ತೇವೆ. ಕ್ಯಾಲ್ಸಿಯಂ ಆ ಜಾಗದಲ್ಲಿ ಕೂತು ಉಳಿದವನ್ನು ಹೊರದಬ್ಬುತ್ತದೆ. ಬೆಳಿಗ್ಗೆ ಒಳ್ಳೆಯ ನೀರಿನಲ್ಲಿ ತೊಳೆದರೆ ಕೆಲಸ ಮುಗಿಯಿತು. ಆದರೆ ಆ ಒಳ್ಳೆಯ ನೀರೇ ನಮ್ಮ ಭಾಗದಲ್ಲಿ ಕಷ್ಟ. ಆಳದ ಕೊಳವೆಬಾವಿಗಳ ನೀರಿನಲ್ಲೇ ಉಪ್ಪು ತುಂಬಿದ್ದರೆ ಎಷ್ಟು ತೊಳೆದರೂ ಪುಡಿ ಹಿಡಿದುಕೊಂಡ ನೀರಿನ ಇಸಿ ಆ ಕೊಳವೆಬಾವಿ ನೀರಿನ ಇಸಿಗಿಂತ ಕೆಳಗೆ ಇಳಿಯದು. ಅದಕ್ಕೇ ಕೃಷಿ ಹೊಂಡದ ಮಳೆನೀರನ್ನು ಈ ಕೆಲಸಕ್ಕೆಂದು ಮೀಸಲಿಟ್ಟಿದ್ದೇವೆ. ಬೇಸಿಗೆಯಲ್ಲಿ ಹೊಂಡ ಬತ್ತುತ್ತಾ ಬಂದಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಇನ್ನು ಗಾಳಿ. "ನಮ್ಮ ತೋಟದ ಕೆಂಪು ಮಣ್ಣು ಇಷ್ಟು ಚೆನ್ನಾಗಿದೆ, ಅದನ್ನೇ ಟ್ರೇಗೆ ತುಂಬಿದರೆ ಏನು?" ಎಂದು ಕೇಳುವವರಿದ್ದಾರೆ. ಹೊಲದಲ್ಲಿ ಆ ಮಣ್ಣಿನ ಕೆಳಗೆ ಇನ್ನೂ ಮಣ್ಣಿದೆ, ನೀರು ಇಳಿದು ಹೋಗುತ್ತದೆ. ಟ್ರೇಯ ಗುಳಿ ಎರಡು ಅಂಗುಲವೂ ಆಳವಿರುವುದಿಲ್ಲ. ತೂತು ಎಷ್ಟೇ ದೊಡ್ಡದಿರಲಿ, ತಳದಲ್ಲಿ ಒಂದು ಪದರ ನೀರು ನಿಂತೇ ನಿಲ್ಲುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಪಾತ್ರೆ ತೊಳೆಯುವ ಸ್ಪಂಜಿನಿಂದ ತೋರಿಸುತ್ತೇನೆ. ನೆನೆದ ಸ್ಪಂಜನ್ನು ಅಡ್ಡಡ್ಡ ಹಿಡಿದು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಎತ್ತರ ಕಡಿಮೆಯಾದಷ್ಟೂ ನೀರು ಹಿಡಿದುಕೊಳ್ಳುವ ಪಾಲು ಹೆಚ್ಚು. ಸಣ್ಣ ಕಣದ ಜೇಡಿ ಬೆರೆತ ಮಣ್ಣು ಆ ಗುಳಿಯಲ್ಲಿ ಕೆಸರಾಗಿ, ಬೇರಿಗೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ. ಒಣಗಿದಾಗ ಮತ್ತೆ ಗಟ್ಟಿಯಾಗಿ, ಸಸಿ ಕೀಳುವಾಗ ಬೇರು ಹರಿಯುತ್ತದೆ.

ಕೊಕೊಪೀಟ್ ಕೂಡ ತೀರಾ ನುಣ್ಣಗಿದ್ದರೆ ಇದೇ ಪಾಡು. ಸ್ವಲ್ಪ ಒರಟು ಕಣ, ಚೂರುಪಾರು ನಾರು ಇದ್ದರೆ ಒಳ್ಳೆಯದು. ನೆನೆದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು. ಮುಷ್ಟಿ ಬಿಚ್ಚಿದಾಗ ಉಂಡೆಯಾಗಿ ನಿಂತು, ಬೆರಳು ತಾಗಿಸಿದೊಡನೆ ಉದುರಬೇಕು. ತುಂಬುವಾಗ ಹೆಬ್ಬೆರಳಿನಿಂದ ಅದುಮುವ ಅಭ್ಯಾಸ ಬಹಳ ಜನರಿಗಿದೆ. ನಮ್ಮಲ್ಲಿ ಟ್ರೇ ತುಂಬುವ ಅಕ್ಕಂದಿರು ಪುಡಿ ಹರವಿ, ಟ್ರೇಯನ್ನು ಒಮ್ಮೆ ಮೆಲ್ಲಗೆ ಕುಟ್ಟಿ, ಮೇಲೆ ಕೈ ಸವರಿ ಬಿಡುತ್ತಾರೆ. ಅಷ್ಟೇ ಸಾಕು.

ಕೊಟ್ಟಿಗೆ ಗೊಬ್ಬರವನ್ನು ನಾನು ಟ್ರೇಗೆ ಸೇರಿಸುವುದಿಲ್ಲ. ಅರೆಕೊಳೆತ ಗೊಬ್ಬರ ಬಿಸಿಯಾಗುತ್ತದೆ, ಕಳೆಬೀಜ ತರುತ್ತದೆ, ಅದರ ಜೊತೆಗೇ ರೋಗವೂ ಬರುತ್ತದೆ. ಎಳೆಸಸಿಯ ಬುಡ ನೀರುನೀರಾಗಿ ತೆಳುವಾಗಿ ಸಸಿ ಮಗುಚುವುದನ್ನು ನೋಡಿರುತ್ತೀರಿ. ಪಿಥಿಯಂನಂಥ ರೋಗಾಣುಗಳ ಕೆಲಸ ಅದು. ಅವಕ್ಕೆ ಬೇಕಾದದ್ದೂ ನಿಂತ ತೇವವೇ. ತುಂಬುವ ಮೊದಲು ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸುತ್ತೇವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಕೊಪೀಟ್ ಜೊತೆ ಬೆರೆಸಲು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಸೂಕ್ಷ್ಮಜೀವಿ ಮಿಶ್ರಣವನ್ನೂ ಕೊಟ್ಟಿದೆ. ಯಾವುದನ್ನೇ ಬೆರೆಸಿದರೂ ನೀರು ಹೆಚ್ಚಾಗಿ ಗಾಳಿ ಕಟ್ಟಿದರೆ ಅವುಗಳಿಂದ ಪೂರ್ತಿ ರಕ್ಷಣೆ ಸಿಗದು.

ಮನೆಯ ತಾರಸಿಯಲ್ಲಿ ನಾಲ್ಕು ಟೊಮೆಟೊ, ಬದನೆ ಗಿಡ ಬೆಳೆಯುವವರು ತೊಳೆದ ಕೊಕೊಪೀಟ್ ಮೂರು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು, ಪರ್ಲೈಟ್ (ಗಾಳಿಯಾಡಲು ಬೆರೆಸುವ ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು ಬೆರೆಸಿಕೊಳ್ಳಿ. ಪರ್ಲೈಟ್ ದುಬಾರಿ ಎನಿಸಿದರೆ ಕಪ್ಪಗೆ ಸುಟ್ಟು ಬೂದಿಯಾಗದೆ ಉಳಿದ ಭತ್ತದ ಹೊಟ್ಟು ಸಾಕು. ಎರೆಗೊಬ್ಬರ ಪೂರ್ತಿ ಮಾಗಿರಬೇಕು, ಮೂಗಿಗೆ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಬರಬಾರದು. ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್‌ಗಳಿಗೆ ಈ ಸಿದ್ಧತೆಯೇ ಬೇಡ, ನೇರವಾಗಿ ಬೆಳೆಯುವ ಜಾಗದಲ್ಲೇ ಬಿತ್ತಿ.

ನಿಜವಾದ ಎಲೆ ಬಂದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಕೊಡಿ. ಟೊಮೆಟೊ ಸಸಿ ಸುಮಾರು 25 ದಿನಗಳಿಗೆ, ಮೆಣಸಿನ ಸಸಿ 35 ದಿನಗಳಿಗೆ ನಾಟಿಗೆ ಸಿದ್ಧವಾಗುತ್ತವೆ. ಕೊಳ್ಳುವಾಗ ಎಲೆ ನೋಡಿ ಮೆಚ್ಚುವ ಮೊದಲು ಒಂದು ಸಸಿಯನ್ನು ಕೆಳಗಿನಿಂದ ತಳ್ಳಿ ಹೊರತೆಗೆಸಿ. ಬೇರು ಬೆಳ್ಳಗಿದ್ದು, ಮಿಶ್ರಣವನ್ನು ಸುತ್ತಲೂ ಹಿಡಿದುಕೊಂಡಿದ್ದರೆ ಮಾತ್ರ ದುಡ್ಡು ಕೊಡಿ.