ಲೂಪ್ ಪೆಡಲ್ ತಕರಾರು

ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಬೆಂಗಳೂರಿಗೆ ಬಂದು ಹಾಡಿ ಹೋದದ್ದು 2025ರ ಫೆಬ್ರವರಿಯಲ್ಲಿ. ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಅದರ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ರೊಬಸ್ಟಾ ಕಾಫಿ ಕೊಯ್ಲಿನ ನಡುವೆಯೇ ಬಸ್ ಹತ್ತಿ ಹೋಗಿ ಬಂದ ಚಿಕ್ಕಪ್ಪನ ಮಗಳ ಪಾಲಿಗೆ, ತಾನೇ ಬರೆದು ತಾನೇ ಹಾಡುವವರಲ್ಲಿ ಅವನಂಥವನು ಇನ್ನೊಬ್ಬನಿಲ್ಲ. ಅವಳ ಅಣ್ಣನೂ ಅಭಿಮಾನಿಯೇ. ಆದರೆ ಅವನ ನಿಷ್ಠೆಯೆಲ್ಲ 2011ರ ಮೊದಲ ಆಲ್ಬಂಗೆ. ಆಮೇಲಿನವು ರೇಡಿಯೊಗೆಂದೇ ಬರೆದ ಹಾಡುಗಳಂತೆ.

ಜಗಳ ಕಾವೇರುವುದು ಲೂಪ್ ಪೆಡಲ್ ವಿಷಯಕ್ಕೆ. ಶೀರನ್ ಗಿಟಾರಿನ ಮೈಯನ್ನು ಅಂಗೈಯಿಂದ ತಟ್ಟಿ, ಆ ಸದ್ದನ್ನು ಕಾಲಿನಿಂದ ಪೆಡಲ್ ಒತ್ತಿ ಹಿಡಿದಿಡುತ್ತಾನೆ. ಅದು ಮತ್ತೆ ಮತ್ತೆ ಮೊಳಗುತ್ತ ಸುತ್ತುತ್ತಿರುವಾಗಲೇ ಅದರ ಮೇಲೆ ತಂತಿಯ ನಾದ, ಅದರ ಮೇಲೆ ತನ್ನದೇ ಕೋರಸ್.

"ಟೇಪ್ ಹಾಕಿ ಹಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?" ಎಂದರು ಚಿಕ್ಕಪ್ಪ.

ಇದೆ. ಪ್ರತಿ ಪದರವೂ ಜನರ ಕಣ್ಣೆದುರೇ ಹುಟ್ಟಬೇಕು. ಒಂದು ತಟ್ಟು ತಾಳ ತಪ್ಪಿದರೆ ಆ ತಪ್ಪೂ ಹಾಡಿನ ಜೊತೆ ಸುತ್ತುತ್ತಲೇ ಇರುತ್ತದೆ. ಅವನ ಕೆಲವು ಪ್ರೇಮಗೀತೆಗಳು ನನಗೆ ಅತಿ ಸಿಹಿ, ಅದು ಬೇರೆ ಮಾತು. ಈ ಧೈರ್ಯಕ್ಕೆ ಮಾತ್ರ ನನ್ನ ಪೂರ್ತಿ ಅಂಕ.

ಚಿಕ್ಕಪ್ಪ ಒಪ್ಪಲಿಲ್ಲ. ಅವರಿಗೆ ಸಂಗೀತವೆಂದರೆ ಮದುವೆಮನೆಯ ವಾಲಗ, ನಾಲ್ಕು ಜನ ಬೆವರಲೇಬೇಕು. ಮುಂದಿನ ಸಲ ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆಂದು ಮಗಳು ಹಟ ಹಿಡಿದಿದ್ದಾಳೆ. ಟಿಕೆಟಿನ ದುಡ್ಡು ಯಾರು ಕೊಡಬೇಕೆಂಬುದು ಸದ್ಯದ ತಕರಾರು.